ಎಜ್ರನ ಪಟ್ಟಿಯ 392 ಜನ: ದೇವಾಲಯದ ಊಳಿಗದವರು ಗುಲಾಮರೋ, ಹಕ್ಕುದಾರರೋ?

ಮೂರನೇ ಬೆಂಚು
ಮಂಗಳವಾರ, ರಾತ್ರಿ 9:12

ಈ ಭಾನುವಾರ ಆರಾಧನೆಯಲ್ಲಿ ಪಾಠ ಓದುವ ಸರದಿ ನನ್ನದು. ಬೈಬಲಿನ ನೆಹೆಮೀಯ ಪುಸ್ತಕದ 7ನೇ ಅಧ್ಯಾಯ. "ಹೆಸರುಗಳನ್ನೆಲ್ಲ ಬಿಟ್ಟುಬಿಡಮ್ಮ, ಯಾರೂ ಕೇಳಿಸಿಕೊಳ್ಳೋದಿಲ್ಲ, ಸೀದಾ ಕೊನೇ ವಚನಕ್ಕೆ ಹೋಗು" ಅಂದರು ಅಯ್ಯನವರು. ನನಗೂ ಹಾಯೆನಿಸಿತು. ಹೇಗೂ ಒಮ್ಮೆ ನೋಡಿಟ್ಟುಕೊಳ್ಳೋಣ ಅಂತ ಕೂತೆ, 46ನೇ ವಚನ ಬಿಡಲೇ ಇಲ್ಲ.

ಬಾಬೆಲಿನ ಸೆರೆಯಿಂದ ಯೆರೂಸಲೇಮಿನ ಕಡೆಗೆ ತಿರುಗಿ ಬಂದ ಯೆಹೂದ್ಯರ ಪಟ್ಟಿ ಅದು. ಇದೇ ಪಟ್ಟಿ ಎಜ್ರ 2ರಲ್ಲೂ ಇದೆ. ಯಾಜಕರದ್ದು ನಾಲ್ಕೇ ಮನೆತನ: ನಾಲ್ಕು ಹೆಸರು, ನಾಲ್ಕು ಸಂಖ್ಯೆ, ಮುಗಿಯಿತು. ಆಮೇಲೆ ಲೇವಿಯರು (ಯಾಜಕರ ಕೈಕೆಳಗೆ ದೇವಾಲಯದ ಸೇವೆ ಮಾಡುವ ಕುಲದವರು), ಗಾಯಕರು, ದ್ವಾರಪಾಲಕರು. ಎಲ್ಲರ ನಂತರ 'ನೆತಿನೀಮ್' ಅನ್ನುವವರು, ಅಂದರೆ ದೇವಾಲಯದ ಊಳಿಗದವರು. ಇವರ ಹತ್ತಿರ ಬಂದಾಗ ಬರೆದವನ ಕೈ ನಿಧಾನವಾಗುತ್ತದೆ. ಚೀಹ, ಹಸೂಫ, ಟಬ್ಬಾವೋತ್, ಕೇರೋಸ್, ಸೀಯ, ಪಾದೋನ್... ಎಜ್ರನಲ್ಲಿ ಬೆರಳು ಮಡಿಚಿ ಎಣಿಸಿದೆ, 35 ಮನೆತನ. ಅವರ ಬೆನ್ನಿಗೇ 'ಸೊಲೊಮೋನನ ಸೇವಕರ ವಂಶದವರು', ಇನ್ನೂ 10 ಮನೆತನ. ಎಲ್ಲ ಸೇರಿ 392 ಜನ.

ಸೌದೆ ಹೊತ್ತು ನೀರು ಸೇದುವವರು ಅಂತ ಸಂಡೇಸ್ಕೂಲಿನಲ್ಲಿ ನಮಗೆ ಕಲಿಸಿದ್ದು ಇವರ ಬಗ್ಗೆಯೇ. ಕಸ ಹೊಡೆಯುವವರ ಮನೆತನಗಳನ್ನು ಇಷ್ಟು ಜತನವಾಗಿ ಯಾರು ಬರೆದಿಟ್ಟುಕೊಳ್ಳುತ್ತಾರೆ? ಇವರು ಗುಲಾಮರಾಗಿದ್ದರೆ ಇಷ್ಟು ಹೆಸರು ಯಾಕೆ? ಗುಲಾಮರಲ್ಲದಿದ್ದರೆ ಪಟ್ಟಿಯ ತಳದಲ್ಲಿ ಯಾಕೆ? ತಿಳಿದವರು ಹೇಳಿ.


ನೀಲಿ ಶಾಯಿ
ಮಂಗಳವಾರ, ರಾತ್ರಿ 9:50

ಮೊದಲು ಪದ ನೋಡೋಣ. ಹೀಬ್ರೂವಿನಲ್ಲಿ 'ನಾತನ್' ಅಂದರೆ ಕೊಟ್ಟನು. 'ನೆತಿನೀಮ್' ಅಂದರೆ ಕೊಟ್ಟವರಲ್ಲ, ಕೊಡಲ್ಪಟ್ಟವರು. ನಮ್ಮಲ್ಲಿ 'ದತ್ತ' ಅನ್ನುತ್ತೇವಲ್ಲ, ಹಾಗೆ. ಯೋನಾತಾನ, ನೆತನೇಲ ಎಂಬ ಗೌರವದ ಹೆಸರುಗಳಲ್ಲಿರುವುದೂ ಇದೇ ಧಾತು. ಅಲ್ಲಿ ದೇವರು ಮಗುವನ್ನು ಕೊಟ್ಟ. ಇಲ್ಲಿ ಯಾರೋ ಮನುಷ್ಯರನ್ನು ದೇವರಿಗೆ ಕೊಟ್ಟರು.

ಕೊಟ್ಟವರು ಯಾರು? ಎಜ್ರ 8:20 ಹೇಳುತ್ತದೆ: ರಾಜ ದಾವೀದನೂ ಅಧಿಕಾರಿಗಳೂ ಲೇವಿಯರ ಸೇವೆಗಾಗಿ ಇವರನ್ನು ಕೊಟ್ಟರು. ಬೈಬಲಿನಲ್ಲಿ ಇವರ ಮೂಲದ ಬಗ್ಗೆ ಇರುವುದು ಆ ಒಂದು ಮಾತು. ನೀವು ಹೇಳಿದ ಸೌದೆ-ನೀರಿನ ಕಥೆ ಯೆಹೋಶುವ 9ರದ್ದು. ಗಿಬ್ಯೋನ್ಯರು ಹಳಸಲು ರೊಟ್ಟಿ, ಹರಿದ ಕೆರ ತೋರಿಸಿ, ದೂರದಿಂದ ಬಂದವರಂತೆ ನಟಿಸಿ ಒಪ್ಪಂದ ಮಾಡಿಕೊಂಡು, ಸಿಕ್ಕಿಬಿದ್ದ ಮೇಲೆ ಸೌದೆ ಒಡೆಯುವವರೂ ನೀರು ತರುವವರೂ ಆದರು. ಅಲ್ಲಿ ನೆತಿನೀಮ್ ಎಂಬ ಪದವೇ ಇಲ್ಲ. ಎಜ್ರ, ನೆಹೆಮೀಯರಲ್ಲಿ ಗಿಬ್ಯೋನ್ಯರೇ ಇವರು ಎಂಬ ಮಾತೂ ಇಲ್ಲ. ಎರಡನ್ನೂ ಗಂಟು ಹಾಕಿದ್ದು ನೂರಾರು ವರ್ಷ ಆದಮೇಲೆ ಬಂದ ರಬ್ಬಿಗಳು, ಅಂದರೆ ಯೆಹೂದ್ಯ ಧರ್ಮಗುರುಗಳು. ಆ ಗಂಟು ಎಷ್ಟು ಬಿಗಿಯಾಯಿತೆಂದರೆ ಈಗ ಸಂಡೇಸ್ಕೂಲಿಗೂ ಬಂದಿದೆ.


ಲೆಕ್ಕದ ಮಾಸ್ತರ
ಮಂಗಳವಾರ, ರಾತ್ರಿ 10:31

ತಂಗೀ, ನೀ ಎಣಿಸಿದ್ದು ಬರೋಬ್ಬರಿ ಐತಿ. ಆದ್ರ ನೆಹೆಮೀಯನೊಳಗ ಎಣಿಸಿದ್ರ 35 ಬರೂದಿಲ್ಲ, 32 ಬರತಾವ. ಅಕ್ಕೂಬ್, ಹಾಗಾಬ್, ಅಸ್ನ, ಈ ಮೂರು ಮನಿತನ ಕಾಣೂದಿಲ್ಲ. ಎಲ್ಲಿ ಹೋದ್ವು? ಎಜ್ರನೊಳಗ ಸಾಲು ಹೆಂಗ ಐತಿ ನೋಡು: ಹಗಾಬಾ, ಅಕ್ಕೂಬ್, ಹಾಗಾಬ್, ಸಲ್ಮೈ. ನಕಲು ಮಾಡಾಂವ ಹಗಾಬಾ ಅಂತ ಬರದು ತಲಿ ಎತ್ತಿದ, ಮತ್ತ ತಲಿ ಬಗ್ಗಿಸಿದಾಗ ಕಣ್ಣು ಹಾಗಾಬ್ ಮ್ಯಾಲ ಬಿತ್ತು, ಇದನ್ನ ಬರದೇನಿ ಅಂದ್ಕೊಂಡು ಮುಂದ ಸಲ್ಮೈಗೆ ಹ್ವಾದ. ನಡುವಿನ ಅಕ್ಕೂಬ್ ಅವನ ಜೋಡಿ ಹ್ವಾದ. ಮೂವತ್ತು ವರ್ಷ ಹುಡುಗೂರ ನೋಟಬುಕ್ಕು ತಿದ್ದೇನಿ, ಈ ತಪ್ಪು ನನಗ ವಾಸನಿ ಮ್ಯಾಲ ಗೊತ್ತಾಗತೈತಿ. ಅಸ್ನ ಯಾಕ ಬಿಟ್ಟಾರ, ಅದಕ್ಕ ಈ ಲೆಕ್ಕ ಹತ್ತೂದಿಲ್ಲ.

ಇನ್ನೊಂದು ಮಜಾ. ಮನಿತನ ಮೂರು ಕಮ್ಮಿ ಆದ್ರೂ ಒಟ್ಟು ಮೊತ್ತ ಎರಡೂ ಕಡೆ 392ನ! ಹಿಂಗ ಇಡೀ ಪಟ್ಟಿನೂ. ಎಜ್ರನ ಅಂಕಿ ಕೂಡಿಸಿದ್ರ 29,818, ನೆಹೆಮೀಯನವು ಕೂಡಿಸಿದ್ರ 31,089, ಇಬ್ಬರೂ ಕಡೀಕ ಬರದದ್ದು 42,360. ನನ್ನ ವಿದ್ಯಾರ್ಥಿ ಆಗಿದ್ರ ಇಬ್ಬರಿಗೂ ಸೊನ್ನಿ.

ಈಗ ಖರೇ ವಿಷಯಕ್ಕ ಬರತೇನಿ. ಯಾಜಕರು 973, 1,052, 1,247, 1,017, ಕೂಡಿ 4,289. ಲೇವಿಯರು ಎಷ್ಟು ಗೊತ್ತೇನು? ಬರೇ 74. ಊಳಿಗದವರು 392. ಅಂದ್ರ ಲೇವಿಯರ ಕೈಕೆಳಗಿನವರು ಲೇವಿಯರ ಐದು ಪಟ್ಟಿಗಿಂತ ಹೆಚ್ಚು. 45 ಮನಿತನಕ್ಕ ಹಂಚಿದ್ರ ಒಂದೊಂದಕ್ಕ ಒಂಬತ್ತು ಮಂದಿನೂ ಬರೂದಿಲ್ಲ. ಸಣ್ಣ ಸಣ್ಣ ಕುಟುಂಬ, ಆದ್ರ ಯಾರೂ ಹೆಸರು ಬಿಟ್ಟುಕೊಟ್ಟಿಲ್ಲ.


ಹಠಮಾರಿ 77
ಬುಧವಾರ, ಬೆಳಿಗ್ಗೆ 7:05

ಹೆಸರಿದ್ದ ಮಾತ್ರಕ್ಕೆ ಮರ್ಯಾದೆ ಇತ್ತು ಅಂತಲ್ಲ. ಜೀತಕ್ಕಿಟ್ಟವರ ಹೆಸರನ್ನು ಧಣಿ ಲೆಕ್ಕದ ಪುಸ್ತಕದಲ್ಲಿ ಎಲ್ಲರಿಗಿಂತ ಚೆನ್ನಾಗಿಯೇ ಬರೆದಿಟ್ಟುಕೊಳ್ಳುತ್ತಾನೆ, ಓಡಿಹೋದರೆ ಹುಡುಕಬೇಕಲ್ಲ.

ಹೆಸರುಗಳನ್ನೇ ನೋಡಿ. ಸೀಸೆರ: ನ್ಯಾಯಸ್ಥಾಪಕರು 4ರಲ್ಲಿ ಇಸ್ರಾಯೇಲ್ಯರ ಮೇಲೆ ಯುದ್ಧಕ್ಕೆ ಬಂದ ಕಾನಾನ್ಯರ ಸೇನಾಪತಿಯ ಹೆಸರು. ರೆಚೀನ್: ದಮಸ್ಕದ ಅರಾಮ್ಯ ರಾಜನ ಹೆಸರು. ಮೆಯೂನ್ಯರು, ನೆಫೀಸ್ಯರು: ಅರಬಸ್ಥಾನದ ಕಡೆಯ ಕುಲಗಳು. ಬರ್ಕೋಸ್‌ನಲ್ಲಿ ಕಾಣುವುದು ಎದೋಮ್ಯರ ದೇವರು ಕೋಸ್. ಚೀಹ ಈಜಿಪ್ಟಿನ ಹೆಸರಿನಂತಿದೆ. ಉಳಿದವು ಅಡ್ಡಹೆಸರುಗಳು: ಪಾಸೇಹ ಅಂದರೆ ಕುಂಟ, ಹಾಗಾಬ್ ಅಂದರೆ ಮಿಡತೆ, ಬಕ್ಬೂಕ್ ಅಂದರೆ ಹೂಜಿ. ಕೊನೆಯ ಹೆಸರು ಹಟೀಫ, ಅದರ ಧಾತುವಿಗೆ ಕಿತ್ತುಕೊಳ್ಳುವುದು ಎಂಬ ಅರ್ಥ. ಯುದ್ಧದಲ್ಲಿ ಹಿಡಿದು ತಂದವರನ್ನು ಗುಡಿಗೆ ಬಿಟ್ಟಿದ್ದಾರೆ, ಮೊಮ್ಮಕ್ಕಳೂ ಅಲ್ಲೇ ದುಡಿದಿದ್ದಾರೆ. ಇದರಲ್ಲಿ ಬಿಡಿಸುವ ಒಗಟೇನಿದೆ?


ಮೂರನೇ ಬೆಂಚು
ಬುಧವಾರ, ಬೆಳಿಗ್ಗೆ 8:20

ಹೂಜಿಗೆ ಬಕ್ಬೂಕ್! ನೀರು ಬಗ್ಗಿಸುವಾಗ ಬರುವ ಸದ್ದೇ ಹೆಸರು. ನಾವು ಬುಳಬುಳ ಅನ್ನುವ ಹಾಗೆ. ಇದನ್ನು ನಗದೆ ಓದುವುದು ಹೇಗಪ್ಪಾ.


ಶಾಸನಗಿರಾಕಿ
ಬುಧವಾರ, ಮಧ್ಯಾಹ್ನ 1:15

ಹಠಮಾರಿಯವರ ಸೀಸೆರ, ಬರ್ಕೋಸ್ ಒಪ್ಪಿದೆ. ಆದರೆ ಹಾಗಾಬ್‌ನನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡಲಾರೆ. ಹಳೆಯ ಯೆಹೂದ ರಾಜ್ಯದ ಲಾಕೀಷ್ ಪಟ್ಟಣದಲ್ಲಿ ಸಿಕ್ಕ ಮಡಕೆ ಚೂರಿನ ಪತ್ರಗಳಲ್ಲಿ ಮೊದಲನೆಯದು ಬರೀ ಹೆಸರುಗಳ ಪಟ್ಟಿ. ಅದರಲ್ಲಿ ಯಾಜನ್ಯಾಹುವಿನ ಮಗ ಹಾಗಾಬ್ ಇದ್ದಾನೆ. ಅಪ್ಪನ ಹೆಸರಿನಲ್ಲಿ ಯೆಹೋವನ ಹೆಸರೇ ಸೇರಿದೆ, ಪಕ್ಕಾ ಯೆಹೂದ್ಯ. ಮಿಡತೆ ಎಂಬುದು ಗುಲಾಮನ ಅಡ್ಡಹೆಸರಾಗಬೇಕಿಲ್ಲ. ನಮ್ಮಲ್ಲಿ ಗುಂಡ, ಕರಿಯ, ತಿಪ್ಪ ಎಂಬ ಹೆಸರಿನ ದೊಡ್ಡ ಜಮೀನ್ದಾರರು ಇರಲಿಲ್ಲವೇ?

ಅದಕ್ಕಿಂತ ಮುಖ್ಯವಾದ ಚೂರು ಇನ್ನೊಂದಿದೆ. ಮೂರನೇ ಬೆಂಚಿನವರ ಪಟ್ಟಿಯಲ್ಲಿ ನಾಲ್ಕನೆಯ ಹೆಸರು ಕೇರೋಸ್. ದಕ್ಷಿಣದ ನೆಗೆವ್ ಮರಳುಗಾಡಿನ ಅಂಚಿನಲ್ಲಿ ಅರಾದ್ ಎಂಬ ಕೋಟೆ. 1960ರ ದಶಕದಲ್ಲಿ ಯೋಹಾನಾನ್ ಅಹರೋನಿ ಅಲ್ಲಿ ಅಗೆಸಿದಾಗ ಎಲ್ಯಾಷೀಬ್ ಎಂಬ ಉಗ್ರಾಣದ ಅಧಿಕಾರಿಗೆ ಬಂದ ಮಡಕೆ ಚೂರಿನ ಚೀಟಿಗಳ ಕಟ್ಟೇ ಸಿಕ್ಕಿತು. ಕಾಲ ಕ್ರಿ.ಪೂ. 600ರ ಆಸುಪಾಸು. ಅಂದರೆ ಸೆರೆಗೆ ಹೋಗುವ ಮುಂಚೆ. ಹೆಚ್ಚಿನವು ಇಂಥವನಿಗೆ ಇಷ್ಟು ಹಿಟ್ಟು, ಇಷ್ಟು ದ್ರಾಕ್ಷಾರಸ ಕೊಡು ಎಂಬ ನಮ್ಮ ರೇಷನ್ ಅಂಗಡಿ ಚೀಟಿಯಂಥವು. ಅದರಲ್ಲಿ 18ನೆಯದರ ಸಾರಾಂಶ ನನ್ನ ಮಾತಲ್ಲಿ ಹೀಗಿದೆ:

ನನ್ನ ಒಡೆಯ ಎಲ್ಯಾಷೀಬರಿಗೆ. ಯೆಹೋವನು ತಮ್ಮ ಕ್ಷೇಮ ನೋಡಲಿ. ಶೆಮರ್ಯಾಹುವಿಗೆ ಒಂದಳತೆ ಕೊಡಿ. ಕೇರೋಸಿಯವನಿಗೂ ಒಂದಳತೆ ಕೊಡಿ. ತಾವು ಅಪ್ಪಣೆ ಕೊಡಿಸಿದ ಆ ವಿಷಯ ಸರಿಯಾಗಿದೆ. ಅವನು ಯೆಹೋವನ ಆಲಯದಲ್ಲಿ ಇದ್ದಾನೆ.

ಶೆಮರ್ಯಾಹುವಿಗೆ ಸ್ವಂತ ಹೆಸರಿದೆ. ಇನ್ನೊಬ್ಬನಿಗೆ ಮನೆತನದ ಹೆಸರಷ್ಟೆ: 'ಆ ಕೇರೋಸಿಯವ'. ಅವನು ಎಜ್ರನ ಪಟ್ಟಿಯ ಕೇರೋಸ್ ಮನೆತನದವನೇ ಎಂದು ಅಹರೋನಿ ಓದಿದರು. ಮುಂದಿನ ಸಾಲಿನಲ್ಲೇ ಯೆಹೋವನ ಆಲಯ ಬರುವುದರಿಂದ ನನಗೂ ಅದು ಸರಿಯೆನಿಸುತ್ತದೆ. ಆಲಯದಲ್ಲಿ ಇದ್ದವನು ಈ ಕೇರೋಸಿಯವನೋ ಬೇರೊಬ್ಬನೋ ಎಂಬ ಜಗಳ ಇರಲಿ. ಸೆರೆಗೆ ಮುಂಚೆ ಅರಾದಿನಲ್ಲಿ ಪಡಿ ಇಸಿದುಕೊಂಡವನ ಮನೆತನ ಬಾಬೆಲಿಗೆ ಹೋಗಿ, ಅಲ್ಲಿ ಎರಡು ಮೂರು ತಲೆಮಾರು ಕಳೆದು, ಅದೇ ಹೆಸರಿನಲ್ಲಿ ತಿರುಗಿ ಬಂದು ಪಟ್ಟಿಯಲ್ಲಿ ನಿಂತಿದೆ. ದೇವಾಲಯ ಸುಟ್ಟು ಬೂದಿಯಾಗಿದ್ದಾಗಲೂ 'ನಾವು ದೇವಾಲಯದವರು' ಅಂತ ಮಕ್ಕಳಿಗೆ ಹೇಳಿಕೊಂಡೇ ಬಂದರು. ಬರೀ ಬೆದರಿಕೆಯಿಂದ ಅದು ಸಾಧ್ಯವೇ? ಬಾಬೆಲಿನಲ್ಲಿ ಬೆದರಿಸಲು ಯಾವ ಯಾಜಕನ ಕೈಯಲ್ಲಿ ಏನಿತ್ತು?


ಹಠಮಾರಿ 77
ಬುಧವಾರ, ಮಧ್ಯಾಹ್ನ 2:02

ಕೇರೋಸ್ ಚೂರು ನನಗೆ ಗೊತ್ತಿರಲಿಲ್ಲ, ಒಪ್ಪಿದೆ. ಆದರೆ ಮನೆತನ ಉಳಿಯಿತು ಅನ್ನುವುದು ಒಂದು, ಸ್ವತಂತ್ರವಾಗಿತ್ತು ಅನ್ನುವುದು ಇನ್ನೊಂದು. ಹೆಸರನ್ನೂ ಹೇಳದೆ 'ಆ ಕೇರೋಸಿಯವನಿಗೆ ಕೊಡು' ಅನ್ನುತ್ತಾನಲ್ಲ, ಅದನ್ನೂ ಸ್ವಲ್ಪ ಕೇಳಿಸಿಕೊಳ್ಳಿ.


ತಂಗಾಳಿ
ಬುಧವಾರ, ಸಂಜೆ 4:40

ಇದು ನಮ್ಮ ದೇವದಾಸಿ ಪದ್ಧತಿ ಇದ್ದ ಹಾಗೆ ಅಲ್ಲವೇ? ಹುಡುಗಿಯರನ್ನು ಗುಡಿಗೆ ಬಿಡುವುದು?


ನೀಲಿ ಶಾಯಿ
ಬುಧವಾರ, ಸಂಜೆ 5:18

ಈ ಗೊಂದಲಕ್ಕೆ ಅರ್ಧ ಕಾರಣ ಒಂದು ಗ್ರೀಕ್ ಪದ. ಎಜ್ರನ ಕಥೆಯ ಇನ್ನೊಂದು ಗ್ರೀಕ್ ರೂಪದಲ್ಲೂ, ಒಂದನೇ ಶತಮಾನದ ಇತಿಹಾಸಕಾರ ಜೋಸೆಫಸ್‌ನಲ್ಲೂ ನೆತಿನೀಮರನ್ನು 'ಹಿಯೆರೊದೂಲೊಯ್' ಎಂದಿದ್ದಾರೆ, ಅಕ್ಷರಶಃ ಗುಡಿಯ ದಾಸರು. ಆಮೇಲಿನವರು ಆ ಪದಕ್ಕೆ ಏನೇನೋ ಅರ್ಥ ಅಂಟಿಸಿದರು. ಎಜ್ರ, ನೆಹೆಮೀಯರಲ್ಲಿ ಅಂಥದ್ದರ ಸುಳಿವೂ ಇಲ್ಲ. ಇವು ಗಂಡ-ಹೆಂಡತಿ-ಮಕ್ಕಳ ಸಂಸಾರಗಳು, ತಂದೆಯ ಹೆಸರಿನಿಂದ ಎಣಿಸಿದ ಮನೆತನಗಳು. 'ಬಿಡುವುದು' ಎಂಬ ಒಂದು ಮಾತು ಹೊರತು ಹೋಲಿಕೆ ಮುಂದೆ ನಡೆಯುವುದಿಲ್ಲ.

ಹೋಲಿಸಲೇಬೇಕೆಂದರೆ ಅದೇ ಕಾಲದ, ಅದೇ ನಾಡಿನದ್ದು ಬೇಕು. ಯೆಹೂದ್ಯರು ಸೆರೆಯಲ್ಲಿದ್ದ ಬಾಬೆಲಿನಲ್ಲೇ 'ಶಿರ್ಕು' ಎಂಬವರಿದ್ದರು, ಆ ಪದಕ್ಕೂ ಅರ್ಪಿತ ಅಂತಲೇ ಅರ್ಥ. ಉರುಕ್ ಪಟ್ಟಣದ ಎಆನ್ನ ದೇವಾಲಯದ ಮಣ್ಣಿನ ಹಲಗೆಗಳಲ್ಲಿ ಇವರ ಬದುಕು ರಾಶಿರಾಶಿ ಸಿಗುತ್ತದೆ. ಕೈಮೇಲೆ ದೇವಿ ಇಷ್ತಾರಳ ನಕ್ಷತ್ರದ ಗುರುತು. ಒಂದು ಹಲಗೆಯಲ್ಲಿ, ನಬೋನಿದಸ್ ರಾಜನ ಕಾಲದ್ದು, ಬರಗಾಲಕ್ಕೆ ಸಿಕ್ಕಿದ ವಿಧವೆಯೊಬ್ಬಳು ತನ್ನ ಇಬ್ಬರು ಗಂಡುಮಕ್ಕಳಿಗೆ ನಕ್ಷತ್ರದ ಗುರುತು ಹಾಕಿಸಿ ದೇವಾಲಯಕ್ಕೆ ಒಪ್ಪಿಸುತ್ತಾಳೆ, ಹೊಟ್ಟೆಗಾದರೂ ಸಿಗಲಿ ಅಂತ. ಶಿರ್ಕುವನ್ನು ಸಾಮಾನ್ಯ ಗುಲಾಮನ ಹಾಗೆ ಸಂತೆಯಲ್ಲಿ ಮಾರುತ್ತಿರಲಿಲ್ಲ. ಆದರೆ ಅವನು ಬಿಟ್ಟು ಹೋಗುವ ಹಾಗೂ ಇರಲಿಲ್ಲ. ಗುಲಾಮ, ಸ್ವತಂತ್ರ ಎಂಬ ಎರಡು ಡಬ್ಬಿ ಇಟ್ಟುಕೊಂಡು ಹುಡುಕಿದರೆ ಇವನು ಯಾವುದರಲ್ಲೂ ಕೂರುವುದಿಲ್ಲ.


ನಿರ್ವಾಹಕ
ಬುಧವಾರ, ಸಂಜೆ 5:30

ದೇವದಾಸಿ ಪದ್ಧತಿ, 1982ರ ಕರ್ನಾಟಕದ ನಿಷೇಧ ಕಾಯ್ದೆ ಕುರಿತು ಮಾತಾಡುವವರು ದಯವಿಟ್ಟು ಬೇರೆ ಎಳೆ ಶುರು ಮಾಡಿ. ಅದು ಇಲ್ಲಿ ಪಕ್ಕದ ಮಾತಾಗಿ ಬಂದು ಹೋಗುವಂಥ ವಿಷಯವಲ್ಲ. ಇಲ್ಲಿ ಎಜ್ರನ ಕಾಲಕ್ಕೇ ನಿಲ್ಲೋಣ.


ಶಾಸನಗಿರಾಕಿ
ಬುಧವಾರ, ರಾತ್ರಿ 9:00

ಗುಲಾಮರಲ್ಲ ಅನ್ನುವುದಕ್ಕೆ ನನ್ನ ಕಡೆಯ ಪುರಾವೆ ಹೇಳಿಬಿಡುತ್ತೇನೆ. ಬಾರುಕ್ ಲೆವಿನ್ ಎಂಬ ವಿದ್ವಾಂಸರು 1963ರಲ್ಲೇ ಈ ವಾದ ಮಂಡಿಸಿದ್ದರು. ಇವರು ಜೀತದಾಳುಗಳಲ್ಲ, ದೇವಾಲಯಕ್ಕೆ ಕಟ್ಟಿಕೊಂಡ ಒಂದು ಕಸುಬಿನ ಬಳಗ ಎಂದು. ಉಗರಿತ್ ಎಂಬ ಇನ್ನೂ ಹಳೆಯ ಪಟ್ಟಣದ ಪಟ್ಟಿಗಳಲ್ಲೂ ಇದೇ ಧಾತುವಿನ ಹೆಸರಿನ ಗುಂಪೊಂದು ಇತರ ಕಸುಬಿನವರ ಸಾಲಿನಲ್ಲಿ ಬರುವುದನ್ನು ಅವರು ತೋರಿಸಿದರು.

ಎಜ್ರ 2ರ ಕೊನೆ ನೋಡಿ. ಒಟ್ಟು ಸಭೆ 42,360, 'ಇವರಲ್ಲದೆ' ದಾಸದಾಸಿಯರು 7,337. ಅಂದರೆ ಗುಲಾಮರ ಲೆಕ್ಕವೇ ಬೇರೆ. ಅದರ ಪಕ್ಕದಲ್ಲೇ ಕುದುರೆ, ಹೇಸರಗತ್ತೆ, ಒಂಟೆ, ಕತ್ತೆ. ಅವರಿಗೆ ಒಂದೇ ಒಂದು ಹೆಸರಿಲ್ಲ. ನೆತಿನೀಮ್ ಸಭೆಯ ಒಳಗಿದ್ದಾರೆ.

ಇನ್ನು ಎಜ್ರ 7:24. ಪರ್ಷಿಯದ ಅರ್ತಷಸ್ತ ರಾಜನ ಅಪ್ಪಣೆ: ಯಾಜಕರು, ಲೇವಿಯರು, ಗಾಯಕರು, ದ್ವಾರಪಾಲಕರು, ನೆತಿನೀಮ್, ಇವರ ಮೇಲೆ ಕಪ್ಪ, ತೆರಿಗೆ, ಸುಂಕ ಹಾಕಕೂಡದು. ಯಾಜಕನಿಗಿದ್ದ ವಿನಾಯಿತಿಯೇ ಊಳಿಗದವನಿಗೂ.


ಹಠಮಾರಿ 77
ಬುಧವಾರ, ರಾತ್ರಿ 9:11

ಬಸವನಿಗೂ ಸುಂಕವಿಲ್ಲ ಸ್ವಾಮಿ.


ಲೆಕ್ಕದ ಮಾಸ್ತರ
ಬುಧವಾರ, ರಾತ್ರಿ 9:25

ಹಠಮಾರಿ, ಮಾತು ಭಾಳ ಚಲೋ ಆಡಿದ್ರಿ, ನಕ್ಕು ಸಾಕಾತು. ಆದ್ರ ಬಸವಣ್ಣ ತಾನಾಗೇ ಊರು ಬಿಟ್ಟು ಗುಡಿ ಹುಡಿಕ್ಕೊಂಡು ಬರೂದಿಲ್ಲ. ಎಜ್ರ 8 ಓದ್ರಿ.

ಕ್ರಿ.ಪೂ. 458 ಅಂತ ಬಹಳ ಮಂದಿ ಲೆಕ್ಕ ಹಾಕತಾರ, ಅರ್ತಷಸ್ತನ ಏಳನೇ ವರ್ಷ. ಬಾಬೆಲಿನಿಂದ ಯೆರೂಸಲೇಮಿಗೆ ಇನ್ನೊಂದು ತಂಡ ಕರಕೊಂಡು ಹೊಂಟ ಎಜ್ರ ಅಹವಾ ನದಿ ದಂಡಿಮ್ಯಾಗ ಡೇರೆ ಹಾಕ್ಕೊಂಡು ಮೂರು ದಿನ ಕುಂತ. ಮಂದಿ ಎಣಿಸಿ ನೋಡಿದ್ರ ಲೇವಿಯರು ಒಬ್ಬರೂ ಇಲ್ಲ! ಕಾಸಿಫ್ಯ ಅನ್ನೂ ಊರಿಗೆ, ಇದ್ದೋ ಅನ್ನೂ ಮುಖ್ಯಸ್ಥನ ಕಡೆ ಮಂದಿ ಕಳಿಸಿದ, ನಮ್ಮ ದೇವರ ಮನಿಗೆ ಸೇವಾ ಮಾಡವರನ್ನ ಕರಕೊಂಡು ಬರ್ರಿ ಅಂತ. ಬಂದವರು: ಲೇವಿಯರು 18 ಮತ್ತ 20, ಕೂಡಿ 38. ನೆತಿನೀಮ್ 220.

ಲೇವಿಯರು ಯಾಕ ಬರಲಿಲ್ಲ ಅನ್ನೂದು ನನಗ ತಿಳೀತೈತಿ. ದಶಮಾಂಶದ ಪದ್ಧತಿ ಏನೈತಿ, ಜನ ಲೇವಿಯರಿಗೆ ಹತ್ತರೊಳಗ ಒಂದು ಪಾಲು ಕೊಡಬೇಕು, ಲೇವಿಯರು ಅದರೊಳಗ ಹತ್ತನೇ ಪಾಲು ಯಾಜಕರಿಗೆ ಕೊಡಬೇಕು. ಅಂದ್ರ ಲೇವಿಯರು ಹೆಚ್ಚು, ಯಾಜಕರು ಕಮ್ಮಿ ಇದ್ದಾಗ ಹೊಂದೂ ಲೆಕ್ಕ. ತಿರುಗಿ ಬಂದಾಗ ಉಲ್ಟಾ ಆಗಿ ಕುಂತಿತ್ತು, 4,289 ಯಾಜಕರ ಎದುರು 74 ಲೇವಿಯರು. ಅಲ್ಲಿ ಹೋಗಿ ಎರಡನೇ ದರ್ಜೆ ಆಗೂದಕ್ಕಿಂತ ಬಾಬೆಲಿನೊಳಗ ಹೊಲಾ ಮಾಡ್ಕೊಂಡು ಇರೂದು ಚಲೋ ಅನ್ನಿಸಿರಬೇಕು. ಆದ್ರ ಮೂರನೇ ದರ್ಜೆಯವರು 220 ಮಂದಿ ಗಂಟು ಕಟ್ಟಿಕೊಂಡು ಬಂದ್ರು. 'ಅವರೆಲ್ಲಾರ ಹೆಸರು ಬರದಿಟ್ಟೈತಿ' ಅಂತ ವಚನದ ಕಡೀ ಮಾತು. ಇವರಿಗೆ ಅಲ್ಲಿ ಕಳಕೊಳ್ಳಾಕ ಏನಿತ್ತು, ಇಲ್ಲಿ ಗಳಿಸಾಕ ಏನಿತ್ತು, ಅದನ್ನ ಯಾರರ ಹೇಳ್ರಿ.


ಮೂರನೇ ಬೆಂಚು
ಗುರುವಾರ, ಬೆಳಿಗ್ಗೆ 6:45

ಮಾಸ್ತರರೇ, ಗಳಿಸಲು ಮನೆ ಇತ್ತು! ನೆಹೆಮೀಯ 3:26 ಈಗಷ್ಟೇ ನೋಡಿದೆ. ಗೋಡೆ ಕಟ್ಟಿದವರ ವರದಿಯ ನಡುವೆ, ನೆತಿನೀಮ್ ಓಫೇಲಿನಲ್ಲಿ ವಾಸವಾಗಿದ್ದರು, ಪೂರ್ವಕ್ಕೆ ನೀರುಬಾಗಿಲಿನ ಎದುರಿನ ತನಕ ಅಂತಿದೆ. ನಕ್ಷೆ ತೆಗೆದು ನೋಡಿದರೆ ಓಫೇಲ್ ಅಂದರೆ ದಾವೀದನ ಪಟ್ಟಣಕ್ಕೂ ದೇವಾಲಯದ ಗುಡ್ಡಕ್ಕೂ ನಡುವಿನ ಏರು. ಕೆಳಗೆ ಗೀಹೋನ್ ಬುಗ್ಗೆ, ಮೇಲೆ ದೇವಾಲಯ. ನೀರು ಹೊರುವವರು ಇರಲೇಬೇಕಾದ ಜಾಗ. 31ನೇ ವಚನದಲ್ಲಿ 'ನೆತಿನೀಮರ ಮತ್ತು ವ್ಯಾಪಾರಿಗಳ ಮನೆ' ಅಂತ ಇನ್ನೊಂದು ಗುರುತು. 11:21ರಲ್ಲಿ ಅವರ ಮೇಲ್ವಿಚಾರಕರು ಚೀಹ ಮತ್ತು ಗಿಷ್ಪ. ಚೀಹ ಪಟ್ಟಿಯ ಮೊದಲ ಹೆಸರು! ಮೇಲ್ವಿಚಾರಕ ಹೊರಗಿನವನಲ್ಲ, ಅವರದೇ ಮನೆತನದ ಹೆಸರಿನವನು.


ನೀಲಿ ಶಾಯಿ
ಗುರುವಾರ, ಬೆಳಿಗ್ಗೆ 11:30

ಮನೆ ಅಂದಿರಲ್ಲ, ಒಂದು ಮನೆ ತೋರಿಸುತ್ತೇನೆ. ಯೆರೂಸಲೇಮಿನದಲ್ಲ, ಈಜಿಪ್ಟಿನ ತೆಂಕಣ ತುದಿಯ ನೈಲ್ ನದಿಯ ನಡುಗಡ್ಡೆಯದು, ಎಲೆಫಂಟೈನ್. ಪರ್ಷಿಯನ್ನರ ಕಾವಲು ಪಡೆಯಲ್ಲಿದ್ದ ಯೆಹೂದ್ಯರು ಅಲ್ಲೊಂದು ಯಾಹೋ (ಯೆಹೋವನ ಹೆಸರಿನ ಇನ್ನೊಂದು ರೂಪ) ದೇವಾಲಯ ಇಟ್ಟುಕೊಂಡಿದ್ದರು. ಬಾಬೆಲಿನಿಂದ ಬಂದವರಲ್ಲ ಇವರು, ಆದರೆ ಎಜ್ರ-ನೆಹೆಮೀಯರ ಶತಮಾನವೇ. ನಮ್ಮ ನೆತಿನೀಮ್ ಪಟ್ಟಿಯಲ್ಲಿ ಹೆಸರು ಮಾತ್ರ ಸಿಗುತ್ತದೆ. ಇಲ್ಲಿ ಒಂದು ಸಂಸಾರದ ಕಾಗದಪತ್ರದ ಕಟ್ಟೇ ಸಿಕ್ಕಿದೆ, ಈಗ ಅಮೆರಿಕದ ಬ್ರೂಕ್ಲಿನ್ ಮ್ಯೂಸಿಯಮ್ಮಿನಲ್ಲಿದೆ.

ಅಜರ್ಯನ ಮಗ ಅನನ್ಯ ಆ ದೇವಾಲಯದ 'ಲೆಹೇನ್', ಯಾಜಕನಲ್ಲ, ಪರಿಚಾರಕ. ಕ್ರಿ.ಪೂ. 449ರಲ್ಲಿ ಅವನು ತಾಮೆತ್ ಎಂಬವಳನ್ನು ಮದುವೆಯಾದ. ಅವಳು ಈಜಿಪ್ಟಿನವಳು, ಮೆಷುಲ್ಲಾಮ್ ಎಂಬವನ ದಾಸಿ. ಅವಳು ತಂದದ್ದೇನು ಅಂತ ಪತ್ರದಲ್ಲಿ ಬರೆದಿದೆ: ಏಳು ಶೆಕೆಲ್ ಬೆಳ್ಳಿ ಬೆಲೆಯ ಒಂದು ಉಣ್ಣೆಬಟ್ಟೆ, ಒಂದು ಕನ್ನಡಿ, ಒಂದು ಜೊತೆ ಕೆರ, ಸ್ವಲ್ಪ ಸುಗಂಧದೆಣ್ಣೆ, ಆರು ಅಳತೆ ಹರಳೆಣ್ಣೆ, ಒಂದು ತಟ್ಟೆ. ಅಷ್ಟೆ. ಮದುವೆ ಆದಮೇಲೂ ಅವಳು ಮೆಷುಲ್ಲಾಮನ ಸೊತ್ತೇ. 437ರಲ್ಲಿ ಅನನ್ಯ 14 ಶೆಕೆಲ್ ಕೊಟ್ಟು ಒಂದು ಮನೆ ಕೊಂಡ. ಚೆಕ್ಕುಬಂದಿಯಲ್ಲಿ ಒಂದು ಕಡೆಗೆ ರಾಜಬೀದಿ, ಬೀದಿಯ ಆಚೆ ಯಾಹೋ ದೇವಾಲಯ. ಕೆಲಸಕ್ಕೆ ಬೀದಿ ದಾಟಿದರೆ ಸಾಕು.

ಆಮೇಲೆ 427. ಮದುವೆಯಾಗಿ 22 ವರ್ಷ. ಮೆಷುಲ್ಲಾಮ್ ಮುದುಕನಾಗಿದ್ದಾನೆ. ತಾಮೆತಳಿಗೂ ಅವಳ ಮಗಳು ಯೆಹೋಯಿಷ್ಮಾಳಿಗೂ ಬಿಡುಗಡೆ ಪತ್ರ ಬರೆಸುತ್ತಾನೆ. ಅದರಲ್ಲಿ ಅವಳ ಗುರುತು ಹೀಗಿದೆ: ಬಲಗೈ ಮೇಲೆ 'ಮೆಷುಲ್ಲಾಮನದು' ಎಂದು ಗುರುತು ಹಾಕಿಸಿಕೊಂಡವಳು. ನೆರಳಿನಿಂದ ಬಿಸಿಲಿಗೆ ನಿನ್ನನ್ನು ಬಿಟ್ಟಿದ್ದೇನೆ ಅನ್ನುತ್ತದೆ ಪತ್ರ. ಆದರೂ ಅವನು ಬದುಕಿರುವ ತನಕ ಮಗ ಅಪ್ಪನನ್ನು ನೋಡಿಕೊಳ್ಳುವ ಹಾಗೆ ಅವನ ಚಾಕರಿ ಮಾಡುತ್ತೇವೆ, ಆಮೇಲೆ ಅವನ ಮಗ ಜಕ್ಕೂರನದ್ದು, ಅಂತ ತಾಯಿ ಮಗಳು ಮಾತು ಕೊಡುತ್ತಾರೆ. ಇನ್ನೂ ಆಮೇಲಿನ ಪತ್ರವೊಂದರಲ್ಲಿ ತಾಮೆತಳಿಗೂ ಗಂಡನ ಹಾಗೇ ಯಾಹೋವಿನ ಪರಿಚಾರಕಿ ಎಂಬ ಬಿರುದು ಇದೆ.

ಗುಲಾಮಳೋ ಹಕ್ಕುದಾರಳೋ? ಒಂದೇ ಹೆಂಗಸು, ಒಂದೇ ಜೀವಮಾನ. ಯಾವ ವರ್ಷದಲ್ಲಿ ಕೇಳುತ್ತೀರಿ ಅನ್ನುವುದರ ಮೇಲಿದೆ.


ಹಠಮಾರಿ 77
ಗುರುವಾರ, ಮಧ್ಯಾಹ್ನ 12:50

ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಹರಳೆಣ್ಣೆ ತಲೆಯಿಂದ ಹೋಗುತ್ತಿಲ್ಲ.


ಶಾಸನಗಿರಾಕಿ
ಗುರುವಾರ, ರಾತ್ರಿ 8:15

ತಿರುಗಿ ಬಂದವರ ಪಟ್ಟಿಯಲ್ಲಿ ನನ್ನನ್ನು ಕಾಡುವುದು ಇನ್ನೊಂದು ಜಾಗ. ನೆತಿನೀಮ್ ಮುಗಿದ ತಕ್ಷಣ, ಎಜ್ರ 2:59. ತೇಲ್ಮೆಲಹ, ತೇಲ್ಹರ್ಷ ಮುಂತಾದ ಬಾಬೆಲಿನ ಊರುಗಳಿಂದ ಬಂದ ಮೂರು ಮನೆತನಗಳಿಗೆ ತಾವು ಇಸ್ರಾಯೇಲ್ಯರೇ ಎಂದು ತೋರಿಸಲಾಗಲಿಲ್ಲ. 652 ಜನ. ನೆಹೆಮೀಯನ ಪ್ರಕಾರ 642. ಆ ಮೂರರಲ್ಲಿ ಒಂದು ನೆಕೋದ. ಅದೇ ಹೆಸರು ನೆತಿನೀಮ್ ಪಟ್ಟಿಯಲ್ಲೂ ಇದೆ! ಊಳಿಗದ ನೆಕೋದನಿಗೆ ಜಾಗ ಇದೆ, ಇನ್ನೊಬ್ಬ ನೆಕೋದ ಬಾಗಿಲಲ್ಲಿ ನಿಂತಿದ್ದಾನೆ.

ಯಾಜಕರಲ್ಲೂ ಮೂರು ಮನೆತನ, ಹಬಯ್ಯ, ಹಕ್ಕೋಚ್, ಬರ್ಜಿಲ್ಲೈ, ವಂಶಾವಳಿಯ ದಾಖಲೆ ಹುಡುಕಿದರು, ಸಿಗಲಿಲ್ಲ. ಊರೀಮ್ ತುಮ್ಮೀಮ್ ಹಿಡಿದು ದೇವರನ್ನು ಕೇಳುವ ಯಾಜಕ ಬರುವ ತನಕ ಪರಿಶುದ್ಧವಾದುದನ್ನು ಊಟ ಮಾಡಕೂಡದು ಅಂತ ದೂರವಿಟ್ಟರು. ಅಂದರೆ ದೊಡ್ಡ ಮನೆತನದ ಯಾಜಕ ದಾಖಲೆ ಇಲ್ಲದೆ ಹೊರಗೆ, ಮಿಡತೆ-ಹೂಜಿ-ಕುಂಟನ ಮಕ್ಕಳು ಒಳಗೆ. ತಮಾಷೆ ಏನೆಂದರೆ ಹಕ್ಕೋಚನ ಮನೆಯವರು ಆಮೇಲೆ ಹೇಗೋ ನುಸುಳಿದ ಹಾಗಿದೆ. ನೆಹೆಮೀಯನ ಗೋಡೆಯ ಎರಡು ಭಾಗಗಳನ್ನು ಕಟ್ಟಿದವನು ಹಕ್ಕೋಚನ ಮೊಮ್ಮಗ, ಊರೀಯನ ಮಗ ಮೆರೇಮೋತ್. ಎಜ್ರ 8:33ರಲ್ಲಿ ಬೆಳ್ಳಿಬಂಗಾರ ತೂಗಿ ಒಪ್ಪಿಸಿಕೊಳ್ಳುವ ಯಾಜಕನ ಹೆಸರೂ ಊರೀಯನ ಮಗ ಮೆರೇಮೋತ್. ದೊಡ್ಡವರ ಕಡತ ಎಲ್ಲ ಕಾಲಕ್ಕೂ ಹೀಗೇ ಎಲ್ಲೋ ಸಿಕ್ಕಿಬಿಡುತ್ತದೆ.


ನೀಲಿ ಶಾಯಿ
ಶುಕ್ರವಾರ, ಬೆಳಿಗ್ಗೆ 10:05

ಸಣ್ಣವರ ಕಡತಕ್ಕೆ ಏನಾಯಿತು ಅಂತಲೂ ಹೇಳಬೇಕು. ಹಠಮಾರಿಯವರ ಪರವಾಗಿ ಈಗ ನಾನೇ ವಾದಿಸುತ್ತೇನೆ.

ಕ್ರಿ.ಶ. 200ರ ಹೊತ್ತಿಗೆ ಸಂಕಲಿಸಿದ ರಬ್ಬಿಗಳ ಧರ್ಮನಿಯಮದ ಗ್ರಂಥ ಮಿಷ್ನಾದಲ್ಲಿ ಬಾಬೆಲಿನಿಂದ ಹತ್ತು ವಂಶಗಳು ಏರಿ ಬಂದವು ಅಂತ ಒಂದು ಪಟ್ಟಿ ಇದೆ: ಯಾಜಕರು, ಲೇವಿಯರು, ಇಸ್ರಾಯೇಲ್ಯರಿಂದ ಶುರುವಾಗಿ, ಮತಾಂತರವಾದವರು, ಬಿಡುಗಡೆಯಾದ ದಾಸರು ದಾಟಿ, ಕೆಳಗೆ ನೆತಿನೀಮ್. ಅವರ ಹಿಂದೆ ಉಳಿದದ್ದು ತಂದೆ ಯಾರೆಂದು ಗೊತ್ತಿಲ್ಲದವರು, ಬೀದಿಯಲ್ಲಿ ಸಿಕ್ಕ ಕೂಸುಗಳು. ಈ ಪಟ್ಟಿ ಹೆಣ್ಣು ಕೊಟ್ಟು ತರುವ ಸಲುವಾಗಿ ಮಾಡಿದ್ದು. ಇನ್ನೊಂದು ಕಡೆ ನೇರವಾಗಿಯೇ ಇದೆ: ನೆತಿನೀಮರೊಂದಿಗೆ ಮದುವೆ ನಿಷಿದ್ಧ, ಗಂಡಾಗಲಿ ಹೆಣ್ಣಾಗಲಿ, ಎಂದೆಂದಿಗೂ.

ಕಾರಣ ಕೊಡಲು ಮಿಷ್ನಾದ ಮೇಲಿನ ರಬ್ಬಿಗಳ ಚರ್ಚೆಯ ಗ್ರಂಥ ತಾಲ್ಮುದ್ ಗಿಬ್ಯೋನ್ಯರನ್ನು ಎಳೆದು ತರುತ್ತದೆ. ದಾವೀದನಿಗಿಂತ ಮುಂಚಿನ ರಾಜ ಸೌಲನ ಮೇಲಿನ ಹಗೆಗೆ ಅವನ ವಂಶದ ಏಳು ಮಂದಿಯನ್ನು ಗಿಬ್ಯೋನ್ಯರು ಬಲಿ ಕೇಳಿದ್ದರಲ್ಲ (2 ಸಮುವೇಲ 21), ಅದನ್ನು ಹಿಡಿದು, ಕರುಣೆ, ನಾಚಿಕೆ, ಉಪಕಾರಬುದ್ಧಿ ಈ ಮೂರು ಗುಣ ಇದ್ದವರಷ್ಟೇ ಈ ಜನಾಂಗಕ್ಕೆ ಸೇರಲು ಯೋಗ್ಯರು, ಇವರಿಗೆ ಕರುಣೆಯಿಲ್ಲ, ಅಂತ ದಾವೀದನೇ ದೂರವಿಟ್ಟನಂತೆ. ಎಜ್ರ 8:20ರಲ್ಲಿ ಇವರನ್ನು ಸೇವೆಗೆ ಕೊಟ್ಟವನೂ ಅದೇ ದಾವೀದ!

ಯೆಹೂದಾ ಹನಾಸಿ ಎಂಬ ದೊಡ್ಡ ರಬ್ಬಿಯ ಕಾಲದಲ್ಲಿ ಈ ನಿಷೇಧ ತೆಗೆದುಬಿಡೋಣ ಅಂತ ಪ್ರಯತ್ನ ನಡೆಯಿತು. ಅವರು ಹೇಳಿದ್ದರ ಸಾರ: ನಮ್ಮ ಪಾಲನ್ನು ನಾವು ಬಿಟ್ಟುಕೊಡಬಹುದು, ಯಜ್ಞವೇದಿಯ ಪಾಲನ್ನು ಯಾರು ಬಿಟ್ಟುಕೊಡುವುದು? ಆ ಹೊತ್ತಿಗೆ ದೇವಾಲಯ ಬಿದ್ದು 100 ವರ್ಷದ ಮೇಲಾಗಿತ್ತು. ವೇದಿ ಇಲ್ಲ, ಸೌದೆ ಬೇಡ, ನೀರು ಬೇಡ. ವೇದಿಯ ಪಾಲು ಮಾತ್ರ ಇನ್ನೂ ಇವರ ತಲೆಯ ಮೇಲಿತ್ತು.

ಮೂರನೇ ಬೆಂಚಿನವರೇ, ಗುಲಾಮರಾಗಿದ್ದರೆ ಇಷ್ಟು ಹೆಸರು ಯಾಕೆ ಅಂದಿರಲ್ಲ. ಅಂದು ಕೇರೋಸನ ಮಕ್ಕಳು ಹೆಸರು ಬರೆಸಿದ್ದು ಓಫೇಲಿನಲ್ಲಿ ಜಾಗ ಸಿಗಲಿ, ಸುಂಕ ತಪ್ಪಲಿ ಅಂತ. ಅದೇ ಹೆಸರು ಹಿಡಿದು ಹುಡುಕಿಯೇ ಆಮೇಲಿನವರು ಅವರ ಮನೆಯಿಂದ ಹೆಣ್ಣು ತರಬೇಡಿ ಅಂದದ್ದು.


ಮೂರನೇ ಬೆಂಚು
ಭಾನುವಾರ, ಮಧ್ಯಾಹ್ನ 1:35

ಓದಿದೆ. ಅಯ್ಯನವರ ಮುಖ ನೋಡದೆ 46ರಿಂದ 60ರ ತನಕ ಒಂದೂ ಬಿಡದೆ ಓದಿದೆ. ಟಬ್ಬಾವೋತ್ ಹತ್ತಿರ ನಾಲಿಗೆ ತೊಡರಿತು. ಬಕ್ಬೂಕ್ ಬಂದಾಗ ಮುಂದಿನ ಸಾಲಿನ ಮಕ್ಕಳೆಲ್ಲ ಕಿಸಕ್ ಅಂದರು, ನಾನೂ ತಡೆದುಕೊಳ್ಳಲಾಗಲಿಲ್ಲ.

ಆರಾಧನೆ ಮುಗಿದ ಮೇಲೆ ನಮ್ಮ ಚರ್ಚಿನ ಗಂಟೆ ಬಾರಿಸಿ, ಬೆಂಚು ಒರೆಸುವ ಅಣ್ಣ ಬಂದು ಕೇಳಿದ: "ಅಕ್ಕಾ, ಅವರಿಗೆ ಸಂಬಳ ಎಷ್ಟು ಅಂತ ಬರೆದಿದೆಯಾ?"

ನೋಡಿ ಹೇಳುತ್ತೇನೆ ಅಂದೆ. ಯಾರಿಗಾದರೂ ಗೊತ್ತೇ?


ಲೆಕ್ಕದ ಮಾಸ್ತರ
ಭಾನುವಾರ, ಮಧ್ಯಾಹ್ನ 3:10

ತಂಗೀ, ಹುಡುಕಿದೆ. ನೆಹೆಮೀಯ 11:23ರೊಳಗ ಗಾಯಕರಿಗೆ ದಿನದಿನದ ಪಡಿ, ರಾಜನ ಹುಕುಮ್. 12:47ರೊಳಗ ಗಾಯಕರು, ದ್ವಾರಪಾಲಕರು, ಲೇವಿಯರು. 13:5ರೊಳಗ ಧಾನ್ಯ, ದ್ರಾಕ್ಷಾರಸ, ಎಣ್ಣಿ, ಮತ್ತ ಅವರಿಗೇ. 13:10ರೊಳಗ ಪಾಲು ಸಿಗಲಾರದ್ದಕ್ಕ ಲೇವಿಯರು ಗಾಯಕರು ಹೊಲಕ್ಕ ಓಡಿಹೋದ್ರು ಅಂತೈತಿ.

ನೆತಿನೀಮ್ ಅಂತ ಎಲ್ಲೂ ಇಲ್ಲ. ಎರಡು ಸರ್ತಿ ನೋಡೇನಿ.